ಈ ನಾಣ್ಯದಲ್ಲಿ ಬೆಳ್ಳಿ ಎಷ್ಟು ಅಂತ ನಾಣ್ಯವೇ ಹೇಳುತ್ತದೆ

ಹಳೇ ಜರ್ಮನ್ ಬೆಳ್ಳಿ ನಾಣ್ಯ ತರುವವರು ಮೊದಲು ಕೇಳುವುದು ಇದು ಯಾವ ರಾಜನದು ಅಂತ. ರಾಜನನ್ನು ಆಮೇಲೆ ನೋಡೋಣ, ಮೊದಲು ಹಿಂಬದಿಯ ಬರಹ ಓದಿ, ಆಮೇಲೆ ತೂಕ ಮಾಡಿ.

1871ಕ್ಕೆ ಮುಂಚೆ ಜರ್ಮನಿ ಒಂದು ದೇಶವಾಗಿರಲಿಲ್ಲ. ಪ್ರಷ್ಯಾ, ಸ್ಯಾಕ್ಸನಿ, ಬವೇರಿಯಾ, ಹ್ಯಾನೋವರ್ ಅಂತ ಎಷ್ಟೋ ರಾಜ್ಯಗಳು, ಎಲ್ಲಕ್ಕೂ ತಮ್ಮತಮ್ಮ ನಾಣ್ಯ. ಪಕ್ಕದ ರಾಜ್ಯದ ತಾಲರ್, ಅಂದರೆ ಆಗಿನ ದೊಡ್ಡ ಬೆಳ್ಳಿ ನಾಣ್ಯ, ಕೈಗೆ ಬಂದರೆ ಅದರಲ್ಲಿ ಬೆಳ್ಳಿ ಎಷ್ಟಿದೆ ಅಂತ ವ್ಯಾಪಾರಿಗೆ ಗೊತ್ತಾಗಬೇಕಲ್ವಾ? ಅದಕ್ಕೇ ಲೆಕ್ಕವನ್ನು ನಾಣ್ಯದ ಮೇಲೇ ಒತ್ತಿದರು.

1840ರ ದಶಕದ ಪ್ರಷ್ಯಾದ ತಾಲರ್ ನೋಡಿ. ರೋಮನ್ ಅಂಕಿಯಲ್ಲಿ 14, ಮುಂದೆ 'ಐನೆ ಫೈನೆ ಮಾರ್ಕ್' ಅನ್ನೋದರ ಚಿಕ್ಕ ರೂಪ. ಇಲ್ಲಿ ಮಾರ್ಕ್ ಅಂದರೆ ದುಡ್ಡಲ್ಲ, ಕಲೋನ್ ಮಾರ್ಕ್ ಅನ್ನೋ ಹಳೇ ತೂಕ. ಒಂದು ಮಾರ್ಕ್, ಅಂದರೆ ಸುಮಾರು 234 ಗ್ರಾಂ ಅಪ್ಪಟ ಬೆಳ್ಳಿಗೆ 14 ನಾಣ್ಯ. ಒಂದೊಂದರಲ್ಲಿ 16.7 ಗ್ರಾಂ ಬೆಳ್ಳಿ. ಆದರೆ ತಕ್ಕಡಿ 22.27 ಗ್ರಾಂ ತೋರಿಸುತ್ತದೆ, ಯಾಕಂದರೆ ಅದು ಮುಕ್ಕಾಲು ಪಾಲು ಮಾತ್ರ ಬೆಳ್ಳಿ, ಉಳಿದದ್ದು ತಾಮ್ರ.

1857ರಲ್ಲಿ ಜರ್ಮನ್ ರಾಜ್ಯಗಳಿಗೂ ಆಸ್ಟ್ರಿಯಾಕ್ಕೂ ನಾಣ್ಯದ ಬಗ್ಗೆ ವಿಯೆನ್ನಾ ಒಪ್ಪಂದವಾಯಿತು. ಆಮೇಲೆ ಬಂದ ಫೆರೈನ್ಸ್‌ತಾಲರ್, ಅಂದರೆ ಒಕ್ಕೂಟದ ತಾಲರ್ ಮೇಲೆ ರೋಮನ್ ಅಂಕಿಯಲ್ಲಿ 30, ಜೊತೆಗೆ 'ಐನ್ ಪ್ಫುಂಡ್ ಫೈನ್'. ಒಂದು ಪೌಂಡ್, ಅಂದರೆ 500 ಗ್ರಾಂ ಅಪ್ಪಟ ಬೆಳ್ಳಿಗೆ 30 ನಾಣ್ಯ ಅಂತ. ತೂಕ 18.52 ಗ್ರಾಂ. ಹೊಸಬರು ಇಲ್ಲೇ ಗಾಬರಿಯಾಗುವುದು, ಹಳೆಯದಕ್ಕಿಂತ ಇದು ಹಗುರ, ಹಾಗಾದರೆ ಬೆಳ್ಳಿ ಕದ್ದಿದ್ದಾರೆ ಅಂತ. ಇಲ್ಲ. ಶುದ್ಧತೆ ಸಾವಿರಕ್ಕೆ 750ರಿಂದ 900ಕ್ಕೆ ಏರಿದೆ, ಹೋಗಿದ್ದು ತಾಮ್ರ. ಒಳಗಿನ ಬೆಳ್ಳಿ 16.67 ಗ್ರಾಂ, ಹೆಚ್ಚುಕಡಿಮೆ ಅಷ್ಟೇ ಇದೆ. ಇಷ್ಟು ಅಚ್ಚುಕಟ್ಟಾದ ಲೆಕ್ಕ ನನಗೆ ಬೇರೆ ಕಡೆ ಕಂಡಿದ್ದು ಕಡಿಮೆ. ಈ ತಾಲರುಗಳನ್ನು 1871ರಲ್ಲಿ ಜರ್ಮನ್ ಸಾಮ್ರಾಜ್ಯ ಬಂದ ಮೇಲೂ 1907ರವರೆಗೆ, ಹೊಸ ಹಣವಾದ ಮಾರ್ಕ್‌ನಲ್ಲಿ 3 ಮಾರ್ಕ್ ಲೆಕ್ಕಕ್ಕೆ ಚಲಾವಣೆಯಲ್ಲಿ ಬಿಟ್ಟಿದ್ದರು.

ತೂಕ ಸರಿಯಿದ್ದರೆ ಅಂಚು ನೋಡಿ. ಪ್ರಷ್ಯಾದ ತಾಲರಿನ ಅಂಚಲ್ಲಿ 'ಗಾಟ್ ಮಿಟ್ ಉನ್ಸ್' (ದೇವರು ನಮ್ಮ ಜೊತೆ) ಅಂತ ಇರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಆ ಅಕ್ಷರಗಳು ಕರಗಿದ ಹಾಗೆ ಮಂಕಾಗಿರುತ್ತವೆ, ಕೆಲವೊಮ್ಮೆ ಸುತ್ತ ಒಂದು ಸಣ್ಣ ಗೆರೆಯೂ ಸಿಗುತ್ತದೆ. ದಯವಿಟ್ಟು ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ಕಪ್ಪು ಹೋಗುತ್ತದೆ, ಅದರ ಜೊತೆ ಬೆಲೆಯೂ ಹೋಗುತ್ತದೆ.

ತೀರಾ ಅಪರೂಪದ್ದಕ್ಕೆ ಇದಿಷ್ಟೂ ಸಾಲದು. 1917ರಲ್ಲಿ ಸ್ಯಾಕ್ಸನಿಯಲ್ಲಿ, ಅಲ್ಲಿನ ಹಳೇ ದೊರೆ ಫ್ರೆಡ್ರಿಕ್ ದ ವೈಸ್ ಚಿತ್ರದ 3 ಮಾರ್ಕ್ ಹೊಡೆದದ್ದು ಬರೀ 100. ನಕಲಿಯನ್ನೂ ಬೆಳ್ಳಿಯಲ್ಲೇ ಮಾಡಬಹುದು. ಯಾರಾದರೂ ಅದನ್ನು ಅಗ್ಗಕ್ಕೆ ಕೊಡ್ತೀನಿ ಅಂದರೆ, ತಜ್ಞರ ಪ್ರಮಾಣಪತ್ರ ಇಲ್ಲದೆ ದುಡ್ಡು ಬಿಚ್ಚಬೇಡಿ.