ನೆಲ ಯಾರದು ಅಂತ ಮೊದಲು ಕೇಳಿ: ನಮ್ಮ ಸೀಮೆಯ ಸಂರಕ್ಷಣೆ, ಓದುವವರಿಗೆ ಟಿಪ್ಪಣಿ

'ಸಮುದಾಯ ಸಂರಕ್ಷಣೆ' ಅನ್ನೋ ಪಾಠ ಗೈಡುಗಳಲ್ಲಿ ಬರೀ ಹೆಸರುಗಳ ಪಟ್ಟಿ. ಯಾವ ತಾಲ್ಲೂಕು, ಯಾವ ಪ್ರಾಣಿ, ಯಾವ ವರ್ಷ. ಬಾಯಿಪಾಠ ಮಾಡಿದ್ದು ವಾರಕ್ಕೆ ಮರೆತುಹೋಗುತ್ತದೆ. ಅದರ ಬದಲು ಪ್ರತಿ ಊರಿಗೂ ಒಂದೇ ಪ್ರಶ್ನೆ ಹಾಕಿ: ಆ ನೆಲ ಯಾರದು? ಸರ್ಕಾರದ್ದೋ, ಖಾಸಗಿಯೋ, ಊರಿಗೆಲ್ಲ ಸೇರಿದ್ದೋ? ಇದು ತಿಳಿದರೆ ಯಾವ ಕಾನೂನು, ಊರಿನವರ ಮಾತಿಗೆ ಎಷ್ಟು ಬೆಲೆ ಅನ್ನೋದು ಹೆಚ್ಚು ಕಡಿಮೆ ತಾನಾಗಿ ತಿಳಿಯುತ್ತದೆ. ಉದಾಹರಣೆಗೆ ದೂರ ಹೋಗಬೇಕಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲೇ ಬೇಕಾದಷ್ಟಿವೆ.

ಮೊದಲು ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಂದರೆ ನಮಗೆ ನೆನಪಾಗುವುದು ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯ. 2002ರ ತಿದ್ದುಪಡಿ ಇನ್ನೆರಡು ಬಗೆಗಳನ್ನು ಸೇರಿಸಿತು. 36ಎ ಕಲಂ ಪ್ರಕಾರ ಸಂರಕ್ಷಣಾ ಮೀಸಲು. ಇದು ಸರ್ಕಾರದ ನೆಲದಲ್ಲಿ, ಸುತ್ತಲಿನ ಊರಿನವರ ಜೊತೆ ಮಾತಾಡಿ ಘೋಷಿಸುವುದು. 36ಸಿ ಪ್ರಕಾರ ಸಮುದಾಯ ಮೀಸಲು. ಇದು ಖಾಸಗಿ ಅಥವಾ ಸಮುದಾಯದ ನೆಲದಲ್ಲಿ, ಜನ ತಾವಾಗಿಯೇ ಮುಂದೆ ಬಂದಾಗ ಮಾಡುವುದು.

ಇಲ್ಲೊಂದು ವ್ಯತ್ಯಾಸ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಎರಡಕ್ಕೂ ಸಮಿತಿ ಇದೆ. ಆದರೆ ಸಂರಕ್ಷಣಾ ಮೀಸಲಿನ ಸಮಿತಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸಲಹೆ ಕೊಡುತ್ತದೆ, ಅಷ್ಟೇ. ಸಮುದಾಯ ಮೀಸಲಿನಲ್ಲಿ ಹಾಗಲ್ಲ. ಅಲ್ಲಿ ಕಾಪಾಡಿ ನಿಭಾಯಿಸುವ ಹೊಣೆ ಸಮಿತಿಯದೇ. ಅದರ ಬಹುಪಾಲು ಸದಸ್ಯರನ್ನು ಕಳಿಸುವುದೂ ಊರಿನ ಕಡೆಯಿಂದಲೇ. ಹತ್ತು ಅಂಕದ ಪ್ರಶ್ನೆ ಬಂದರೆ ಇದನ್ನು ಬಿಡಬೇಡಿ.

ಮೈದನಹಳ್ಳಿ: ಮರ ಇಲ್ಲದಿರುವುದೇ ಬೇಕು

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಳಿ ಒಂದು ದೊಡ್ಡ ಹುಲ್ಲುಗಾವಲಿದೆ. ಸುಮಾರು 798 ಎಕರೆ. 2007ರಲ್ಲಿ ಇದು 'ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು' ಆಯಿತು. ಹೆಸರು ಬಂದದ್ದು ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯಿಂದ. ಸರ್ಕಾರದ ನೆಲ, ಆದ್ದರಿಂದ 36ಎ. ಆದರೆ ಇದಕ್ಕೆ ಓಡಾಡಿದವರಲ್ಲಿ ತುಮಕೂರಿನ ಹವ್ಯಾಸಿ ಪರಿಸರಾಸಕ್ತರು ಮುಖ್ಯರು. 'ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್' ಅನ್ನೋ ಅವರ ಸಂಘದ ಹೆಸರು ಇಲ್ಲಿ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಹುಲ್ಲುಗಾವಲು ಯಾಕೆ ಬೇಕು ಅಂತ ಗೊತ್ತಾಗಬೇಕಾದರೆ ಕೃಷ್ಣಮೃಗವನ್ನು ಸ್ವಲ್ಪ ಹೊತ್ತು ನೋಡಬೇಕು. ಬಲಿತ ಗಂಡು ಬೆನ್ನ ಮೇಲೆ ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಉದ್ದ ಕೊಂಬು. ಹೆಣ್ಣು ತಿಳಿ ಕಂದು, ಸಾಮಾನ್ಯವಾಗಿ ಕೊಂಬಿರುವುದಿಲ್ಲ. ಮೇಯುತ್ತಲೇ ಇರುತ್ತವೆ, ನಡುನಡುವೆ ಒಂದು ತಲೆ ಎತ್ತುತ್ತದೆ. ದೂರದಲ್ಲಿ ನಾಯಿ ಕಂಡರೂ ಸಾಕು, ಒಂದು ನೆಗೆಯಿತು ಅಂದರೆ ಹಿಂದೆಯೇ ಹಿಂಡೆಲ್ಲ ನೆಗೆಯುತ್ತದೆ. ಕಣ್ಣು ಮತ್ತು ಕಾಲು, ಅದಕ್ಕಿರುವ ರಕ್ಷಣೆ ಇವೆರಡೇ. ಸುತ್ತ ಪೊದೆ ಬೆಳೆದರೆ ಕಣ್ಣಿಗೆ ಕೆಲಸವಿಲ್ಲ, ಒತ್ತಾಗಿ ಮರ ಎದ್ದರೆ ಓಟಕ್ಕೆ ಜಾಗವಿಲ್ಲ. ಹಾಗಾಗಿ ಬಯಲು ಕಂಡ ಕೂಡಲೇ 'ಸುಮ್ನೆ ಖಾಲಿ ಬಿದ್ದಿದೆ, ಸಸಿ ನೆಡೋಣ' ಅನ್ನೋ ಉತ್ಸಾಹ ಇಂಥ ಕಡೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಪರಿಸರ ದಿನದ ಫೋಟೊ ಚೆನ್ನಾಗಿ ಬರಬಹುದು, ಹುಲ್ಲೆಗೆ ಜಾಗ ಹೋಯಿತಲ್ವಾ?

ಇದರ ಇನ್ನೊಂದು ಮುಖವನ್ನೂ ಬರೆಯಬೇಕು. ಮೀಸಲಿನ ಗಡಿ ಕೃಷ್ಣಮೃಗಕ್ಕೆ ಗೊತ್ತಿಲ್ಲ. ಕಡಲೆಕಾಯಿ, ರಾಗಿ ಹೊಲಕ್ಕೂ ಇಳಿಯುತ್ತದೆ. ಆ ನಷ್ಟ ಹೊರುವವರು ಪಕ್ಕದ ರೈತರು. ಅವರನ್ನು ಬಿಟ್ಟು ಬರೆದ ಉತ್ತರ ಅರ್ಧ ಉತ್ತರ.

ನೀಲಗಿರಿ ಜಗಳ

ತಪ್ಪು ಜಾಗಕ್ಕೆ ತಪ್ಪು ಮರ ಅನ್ನೋ ಮಾತು ಈ ಸೀಮೆಗೆ ಹೊಸದಲ್ಲ. ನೀಲಗಿರಿ ಬೇಗ ಬೆಳೆಯುತ್ತದೆ, ದನ ಬಾಯಿ ಹಾಕುವುದಿಲ್ಲ, ಕಾರ್ಖಾನೆಗೆ ಮಾರಿದರೆ ಕಾಸು. ಅದಕ್ಕೇ ಕೋಲಾರ, ತುಮಕೂರು ಕಡೆ ಎಕರೆಗಟ್ಟಲೆ ಹಬ್ಬಿತು. ದನಕ್ಕೆ ಸೊಪ್ಪಿಲ್ಲ, ಹೊಲದಲ್ಲಿ ಕೂಲಿ ಕೆಲಸ ಕಮ್ಮಿ, ನೀರು ಮಾತ್ರ ಜಾಸ್ತಿ ಎಳೆಯುತ್ತದೆ ಅಂತ ರೈತರು ದೂರಿದರು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ಕಿತ್ತದ್ದಕ್ಕಿಂತ ಹಾಕಿದ್ದು ನನಗೆ ಮುಖ್ಯ ಅನಿಸುತ್ತದೆ. ಏನು ಬೇಡ ಅನ್ನುವುದರ ಜೊತೆಗೆ ಏನು ಬೇಕು ಅಂತಲೂ ಅವರು ಹೇಳಿದ್ದರು. ಹೊಸದಾಗಿ ನೀಲಗಿರಿ, ಅಕೇಶಿಯಾ ನೆಡದಂತೆ ರಾಜ್ಯ ಸರ್ಕಾರ ನಿಷೇಧ ಹಾಕಿದ್ದು 2017ರಲ್ಲಿ.

ಕಗ್ಗಲಡು

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಜೊತೆಗೆ ಬೂದು ಬಕಗಳೂ ಇರುತ್ತವೆ. 1999ರಲ್ಲಿ ಇದನ್ನು ಹೊರಜಗತ್ತಿಗೆ ತಿಳಿಸಿದ್ದು ಅದೇ ತುಮಕೂರಿನ ಕ್ಲಬ್. ಊರಿನವರಿಗೆ ಮಾತ್ರ ಅದಕ್ಕೂ ಮೊದಲೇ ಗೊತ್ತಿತ್ತು ಬಿಡಿ, ಅವರ ಅಂಗಳದ ವಿಷಯ ತಾನೆ.

ಇಲ್ಲಿ ಕಾವಲು ಅಂದರೆ ಸಹಿಸಿಕೊಳ್ಳುವುದು. ಗೂಡಿನ ಮರದ ಕೆಳಗೆ ನಿಂತರೆ ಮೀನಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಎಲೆ, ನೆಲ ಎಲ್ಲ ಹಿಕ್ಕೆಯಿಂದ ಬೆಳ್ಳಗೆ. ದೊಡ್ಡ ಹಕ್ಕಿಗೆ ದನಿ ಇಲ್ಲವೇ ಇಲ್ಲ ಅನ್ನಬಹುದು, ಕೊಕ್ಕು ಕಟಕಟ ಬಡಿಯುತ್ತದೆ. ಗಲಾಟೆ ಎಲ್ಲ ಮರಿಗಳದ್ದು. ಬೇಸಿಗೆಯಲ್ಲಿ ಹುಣಸೆ ಹಣ್ಣು ಬಡಿಯುವ ಹೊತ್ತಿಗೇ ಗೂಡಿನಲ್ಲಿ ಸಂಸಾರ ಇರುತ್ತದೆ. ಕೊಕ್ಕರೆ ಅರ್ಧ ಬಾಯಿ ತೆರೆದು ಆಳವಿಲ್ಲದ ನೀರಿನಲ್ಲಿ ಕೊಕ್ಕು ಆಡಿಸಿ ಮೀನು ಹಿಡಿಯುತ್ತದೆ. ಆದ್ದರಿಂದ ಸುತ್ತಲಿನ ಕೆರೆಗಳು ಒಣಗಿದರೆ ಮರ ಕಾಪಾಡಿ ಲಾಭವಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಇದೇ ಹಕ್ಕಿಗೆ ಹೆಸರಾದ ಊರು, 2007ರಲ್ಲಿ ಸಮುದಾಯ ಮೀಸಲಾಯಿತು. ಎರಡನ್ನೂ ಹೋಲಿಸಿ ಬರೆದರೆ ಅಂಕ ಗ್ಯಾರಂಟಿ.

ಗೋಮಾಳ

ಕರ್ನಾಟಕ ಭೂಕಂದಾಯ ನಿಯಮಗಳು 1966ರ 97ನೇ ನಿಯಮ ಹೇಳುವುದು: ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ನೆಲ ಬಿಡಬೇಕು. ಇದು ಕಂದಾಯ ಇಲಾಖೆಯ ವಿಷಯ, ವನ್ಯಜೀವಿ ಕಾಯ್ದೆಯದ್ದಲ್ಲ. ಪಹಣಿಯಲ್ಲಿ 'ಸರ್ಕಾರಿ ಗೋಮಾಳ' ಅಂತಿರುತ್ತದೆ, ಬಳಸುವುದು ಊರು. ಒತ್ತುವರಿಗೆ ಸುಲಭವಾಗಿ ಸಿಕ್ಕುವುದೂ ಇದೇ. ಊರಿನ ಸಾಮೂಹಿಕ ನೆಲದ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ.

ಚಿಂತಾಮಣಿ ಭಾಗದಲ್ಲಿ 'ಫೌಂಡೇಶನ್ ಫಾರ್ ಇಕಾಲಾಜಿಕಲ್ ಸೆಕ್ಯುರಿಟಿ' ಸಂಸ್ಥೆ ಹಳ್ಳಿಗಳ ಜೊತೆ ಇಂಥ ನೆಲಗಳ ಮೇಲೆ ಕೆಲಸ ಮಾಡಿದೆ. ಇಂಥ ಕಡೆ ಊರು ತಾನೇ ಮಾಡಿಕೊಳ್ಳುವ ಕಟ್ಟಳೆಗಳು ಸಾದಾ ಇರುತ್ತವೆ: ಹಸಿ ಮರಕ್ಕೆ ಕೊಡಲಿ ಹಾಕಬಾರದು, ಒಣ ಪುಳ್ಳೆ ತರಬಹುದು, ಮಳೆಗಾಲದಲ್ಲಿ ಒಂದಷ್ಟು ದಿನ ದನ ಬಿಡಬಾರದು, ಬೇಸಿಗೆಗೆ ಮೊದಲು ಬೆಂಕಿ ಗೆರೆ (ಬೆಂಕಿ ಹಬ್ಬದಂತೆ ಹುಲ್ಲು ಸವರಿದ ಪಟ್ಟಿ) ಹೊಡೆಯಬೇಕು. ದನ ಬಿಡದಿದ್ದರೆ ಹುಲ್ಲು ಬೀಜ ಕಟ್ಟುತ್ತದೆ, ಬೇರಿನಿಂದ ಹೊಂಗೆ, ತಂಗಡಿ, ಕಾರೆ ತಾವೇ ಚಿಗುರುತ್ತವೆ. ಬಳ್ಳಾರಿ ಜಾಲಿ, ಲಂಟಾನ ಸೇರಿಕೊಂಡಿದ್ದರೆ ಮಾತ್ರ ಕೀಳದೆ ವಿಧಿಯಿಲ್ಲ.

ಹನುಮನಹಳ್ಳಿ

ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಗುಹೆಯಲ್ಲಿರುವ 'ಕೋಲಾರ ಎಲೆಮೂಗಿನ ಬಾವಲಿ' ಅನ್ನೋ ಪ್ರಭೇದ ಜಗತ್ತಿನಲ್ಲಿ ಬೇರೆಲ್ಲೂ ಉಳಿದಿರುವುದು ಗೊತ್ತಿಲ್ಲ. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದು 1994ರಲ್ಲಿ. ತೀವ್ರ ಅಪಾಯದಲ್ಲಿರುವ ಪ್ರಭೇದ. ದೊಡ್ಡ ಶತ್ರು ಗ್ರಾನೈಟ್ ಗಣಿಗಾರಿಕೆ. ಹೊಲದ ಮೇಲೆ ಹಾರಾಡುವ ಹುಳ ತಿನ್ನುವ ಈ ಬಾವಲಿಗೂ ತೋಟದ ಹಣ್ಣಿಗೂ ಸಂಬಂಧವಿಲ್ಲ.

ಗೊಂದಲ ಆಗುವ ಕಡೆ

2007 ಅನ್ನೋದು ಪದೇ ಪದೇ ಬರುತ್ತದೆ: ಜಯಮಂಗಲಿ, ಕೊಕ್ಕರೆ ಬೆಳ್ಳೂರು, ಕೋಲಾರದಿಂದ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದದ್ದು, ಜೊತೆಗೆ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು. ನಲ್ಲೂರನ್ನು ಮಾತ್ರ ಉಳಿದ ಮೀಸಲುಗಳ ಜೊತೆ ಸೇರಿಸಬೇಡಿ. ಅದು ಜೀವವೈವಿಧ್ಯ ಕಾಯ್ದೆ 2002ರ 37ನೇ ಕಲಂ ಕೆಳಗೆ ಘೋಷಿಸಿದ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ. ಅದೇ ಕಾಯ್ದೆಯ 41ನೇ ಕಲಂ ಪ್ರಕಾರ ನಿಮ್ಮ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿಗಳ ದಾಖಲಾತಿ ಪುಸ್ತಕವೂ ಇರಬೇಕು. ಪಂಚಾಯಿತಿ ಕಚೇರಿಗೆ ಹೋದಾಗ ಆ ಪುಸ್ತಕ ಕೇಳಿ ನೋಡಿ. ಸಿಕ್ಕರೆ ನಿಮ್ಮ ಉತ್ತರಕ್ಕೆ ಸ್ವಂತ ಊರಿನದೇ ಉದಾಹರಣೆ ಆಯಿತು.