ಲಿನಕ್ಸ್ ಹಾಕಿದ ಮೇಲೆ ವೈಫೈ ಕಾಣುತ್ತಿಲ್ಲ, ಡ್ರೈವರ್ ಎಲ್ಲಿ ಸಿಗುತ್ತೆ?

ಪ್ರಶ್ನೆ: ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿದೆ. ಸೌಂಡ್, ಟಚ್‌ಪ್ಯಾಡ್ ಎಲ್ಲ ಸರಿ ಇದೆ, ವೈಫೈ ಮಾತ್ರ ಇಲ್ಲ. ಕಂಪನಿಯ ಸೈಟಿನಲ್ಲಿ ವಿಂಡೋಸ್ ಡ್ರೈವರ್ ಮಾತ್ರ ಇದೆ. ಲಿನಕ್ಸ್‌ದು ಎಲ್ಲಿ ಸಿಗುತ್ತೆ ಸರ್?

ಉತ್ತರ: ಹುಡುಕಲೇಬೇಡಿ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ವಿಂಡೋಸ್‌ನಲ್ಲಿ ಡ್ರೈವರ್ ಅಂದರೆ ತಯಾರಕರು ಕೊಡುವ ಬೇರೆ ಫೈಲು. ಲಿನಕ್ಸ್‌ನಲ್ಲಿ ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್, ಕ್ವಾಲ್‌ಕಾಮ್ ಕಾರ್ಡುಗಳ ಡ್ರೈವರು ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೇ ಬರುತ್ತದೆ. ವಿಂಡೋಸ್‌ನ ಇಎಕ್ಸ್‌ಇ ಫೈಲು ಇಲ್ಲಿ ಯಾವ ಉಪಯೋಗಕ್ಕೂ ಬಾರದು. ಒಂದು ಕಾಲದಲ್ಲಿ ಎನ್‌ಡಿಐಎಸ್‌ವ್ರಾಪರ್ ಎಂಬ ಸಾಧನದಿಂದ ವಿಂಡೋಸ್ ಎಕ್ಸ್‌ಪಿ ಡ್ರೈವರನ್ನೇ ಲಿನಕ್ಸ್‌ನಲ್ಲಿ ಓಡಿಸುತ್ತಿದ್ದರು. ಆ ಕಾಲ ಮುಗಿದು ಎಷ್ಟೋ ವರ್ಷವಾಯಿತು, ಆದರೆ ಆಗಿನ ಸಲಹೆ ಇನ್ನೂ ಓಡಾಡುತ್ತಿದೆ. ಗಿಟ್‌ಹಬ್‌ನಿಂದ ಯಾರದೋ ಹಳೆಯ ಡ್ರೈವರ್ ತಂದು ಕಂಪೈಲ್ ಮಾಡುವುದು (ಕೋಡಿನಿಂದ ನಾವೇ ಕಟ್ಟಿಕೊಳ್ಳುವುದು) ಇದೇ ಭ್ರಮೆಯ ಇನ್ನೊಂದು ರೂಪ. ಇವತ್ತು ವೈಫೈ ಬರಬಹುದು. ಆದರೆ ಆ ಡ್ರೈವರ್ ಕಟ್ಟಿದ್ದು ಇವತ್ತಿನ ಕರ್ನಲ್‌ಗೆ. ಮುಂದಿನ ಅಪ್‌ಡೇಟ್‌ನಲ್ಲಿ ಕರ್ನಲ್ ಬದಲಾದಾಗ ವೈಫೈ ಮತ್ತೆ ಮಾಯ. ಕರ್ನಲ್‌ನ ಸ್ವಂತ ಡ್ರೈವರೂ ಇದ್ದರೆ ಒಂದೇ ಕಾರ್ಡಿಗೆ ಎರಡರ ಜಗಳ ಬೇರೆ. ಅಲ್ಲಿಗೆ "ಲಿನಕ್ಸೇ ಸರಿ ಇಲ್ಲ" ಎಂದು ತೆಗೆದುಹಾಕುತ್ತಾರೆ. ನನಗೆ ಬೇಸರವಾಗುವುದು ಅದಕ್ಕೇ.

ಮೊದಲು ಇಂಟರ್‌ನೆಟ್ ಬೇಕು. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲ್ಯಾಪ್‌ಟಾಪ್ ಅದನ್ನು ವೈರ್ ಇರುವ ನೆಟ್‌ವರ್ಕ್ ಎಂದೇ ತಿಳಿಯುತ್ತದೆ.

ಆಮೇಲೆ ಟರ್ಮಿನಲ್ ತೆರೆದು 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಕೊಡಿ (ಎಲ್ಲ ಸಣ್ಣಕ್ಷರ, ಅಡ್ಡಗೆರೆಯ ಮುಂಚೆ ಒಂದು ಜಾಗ). 'ನೆಟ್‌ವರ್ಕ್ ಕಂಟ್ರೋಲರ್' ಸಾಲಿನ ಕೊನೆಯ ಕಡೆ ಆವರಣದಲ್ಲಿ '10ಇಸಿ:ಬಿ852' ಥರದ ಸಂಖ್ಯೆ ಇರುತ್ತದೆ. ನಿಮ್ಮ ಕಾರ್ಡಿನ ನಿಜವಾದ ಹೆಸರು ಅದು. ಲ್ಯಾಪ್‌ಟಾಪ್ ಮಾಡೆಲ್ ಹೇಳಿ ಸಹಾಯ ಕೇಳಬೇಡಿ, ಒಂದೇ ಮಾಡೆಲ್‌ನಲ್ಲಿ ಎರಡು ಮೂರು ಬಗೆಯ ಕಾರ್ಡು ಬಂದಿರುತ್ತವೆ.

ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಇದ್ದರೆ ಡ್ರೈವರ್ ಸಿಕ್ಕಿದೆ ಎಂದರ್ಥ. ಈಗ 'ಆರ್‌ಎಫ್‌ಕಿಲ್ ಲಿಸ್ಟ್' ನೋಡಿ. ಸಾಫ್ಟ್ ಬ್ಲಾಕ್ (ಸಾಫ್ಟ್‌ವೇರ್ ಕಡೆಯಿಂದ ತಡೆ) ಇದ್ದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಸಾಕು. ಹಾರ್ಡ್ ಬ್ಲಾಕ್ ಇದ್ದರೆ ವೈಫೈ ಬಟನ್ನೋ ಬಯೋಸ್ ಸೆಟ್ಟಿಂಗೋ ನೋಡಿ. ವಿಂಡೋಸ್ ಕೂಡ ಇರುವವರು ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಲೇಬೇಕು. ಅದು ಶಟ್‌ಡೌನ್ ಎನ್ನುತ್ತಲೇ ಅರೆನಿದ್ದೆಗೆ ಹೋಗುತ್ತದೆ, ಕಾರ್ಡು ಅದೇ ಸ್ಥಿತಿಯಲ್ಲಿ ಲಿನಕ್ಸ್‌ನ ಕೈಗೆ ಬರುತ್ತದೆ.

ಡ್ರೈವರ್ ಸಾಲೇ ಇಲ್ಲದಿದ್ದರೆ ಮೊದಲು ಕರ್ನಲ್‌ನ ವಯಸ್ಸು, ಅಂದರೆ ಆವೃತ್ತಿ ಸಂಖ್ಯೆ, ನೋಡಿ. ಮೇಲೆ ಹೇಳಿದ ಸಂಖ್ಯೆ ರಿಯಲ್‌ಟೆಕ್ 8852ಬಿಇ ಕಾರ್ಡಿನದು. ಅದರ ಡ್ರೈವರ್ ಕರ್ನಲ್‌ಗೆ ಸೇರಿದ್ದು 6.2ರಲ್ಲಿ. ಉಬುಂಟು 22.04 ಮೊದಲು ಬಂದಾಗ ಅದರಲ್ಲಿದ್ದದ್ದು 5.15. ಹಳೆಯ ಪೆನ್‌ಡ್ರೈವ್‌ನಿಂದ ಹೊಸ ಲ್ಯಾಪ್‌ಟಾಪ್‌ಗೆ ಹಾಕಿದರೆ ಕಾರ್ಡು ಸಿಗುವುದಾದರೂ ಹೇಗೆ? 'ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯೂಇ-22.04' ಎಂಬ, ಹೊಸ ಕರ್ನಲ್ ತರುವ ಪ್ಯಾಕೇಜು ಹಾಕಿ ರೀಬೂಟ್ ಮಾಡಿ, ಅಥವಾ 24.04 ಹಾಕಿ.

ಕರ್ನಲ್ ಹೊಸದಾಗಿದ್ದರೆ ಮುಂದಿನ ಅನುಮಾನ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಸಣ್ಣ ಪ್ರೋಗ್ರಾಂ) ಮೇಲೆ. 'ಸುಡೋ ಡಿಎಂಇಎಸ್‌ಜಿ' ಕೊಟ್ಟಾಗ ಬರುವ ಸಾಲುಗಳಲ್ಲಿ ಫರ್ಮ್‌ವೇರ್ ಎಂಬ ಪದದ ಜೊತೆ ಎರರ್ -2 ಕಂಡರೆ ಆ ಫೈಲು ಸಿಗಲಿಲ್ಲ ಎಂದರ್ಥ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ 12ನೇ ಆವೃತ್ತಿಯಿಂದ ಇನ್‌ಸ್ಟಾಲರ್‌ನಲ್ಲೇ ಫರ್ಮ್‌ವೇರ್ ಇದೆ, ಅದಕ್ಕಿಂತ ಹಳೆಯದರಲ್ಲಿ ನಾನ್-ಫ್ರೀ ಎಂಬ ಪ್ಯಾಕೇಜು ವಿಭಾಗ ಸೇರಿಸಿ ನೀವೇ ಹಾಕಿಕೊಳ್ಳಬೇಕು.

ಬ್ರಾಡ್‌ಕಾಮ್‌ನ ಕೆಲವು ಹಳೆಯ ಕಾರ್ಡುಗಳದ್ದು ಮಾತ್ರ ಬೇರೆ ದಾರಿ. ಉದಾಹರಣೆಗೆ 14ಇ4:4365. ಅವಕ್ಕೆ ಡ್ರೈವರ್ ಬೇರೆಯಾಗಿಯೇ ಬೇಕು, ಆದರೆ ಅದೂ ಉಬುಂಟುವಿನ 'ಅಡಿಷನಲ್ ಡ್ರೈವರ್ಸ್'ನಲ್ಲೇ ಸಿಗುತ್ತದೆ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಡ್ರೈವರನ್ನು ತಡೆಯುವ ಸೆಟ್ಟಿಂಗ್) ಆನ್ ಇದ್ದರೆ ಆಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದಾಗ ನೀಲಿ ಪರದೆ ಬಂದು ಸುಮಾರು ಹತ್ತು ಸೆಕೆಂಡ್ ಕಾಯುತ್ತದೆ. ಅಷ್ಟರೊಳಗೆ ಒಂದು ಕೀ ಒತ್ತಿ, 'ಎನ್‌ರೋಲ್ ಎಂಒಕೆ' ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಇದು ತಪ್ಪಿಹೋದರೆ ಡ್ರೈವರ್ ಡಿಸ್ಕಿನಲ್ಲಿದ್ದರೂ ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇಷ್ಟೆಲ್ಲ ಯಾಕೆ, ಕಾರ್ಡನ್ನೇ ಬದಲಿಸಿದರೆ? ಸ್ಲಾಟ್‌ನಲ್ಲಿ ಕೂರುವ ಕಾರ್ಡಾದರೆ ಬದಲಿಸಬಹುದು, ಬೋರ್ಡಿಗೇ ಬೆಸುಗೆ ಹಾಕಿದ್ದರೆ ಆಗದು. ಇಂಟೆಲ್ ಎಎಕ್ಸ್210 ತನ್ನಿ, ಎಎಕ್ಸ್211 ಬೇಡ. ಹೆಸರಲ್ಲಿ ಒಂದೇ ಅಂಕಿಯ ವ್ಯತ್ಯಾಸ. ಆದರೆ 211ರ ಅರ್ಧ ಕೆಲಸ ಇಂಟೆಲ್ ಪ್ರೊಸೆಸರ್ ಕಡೆ ಇರುತ್ತದೆ, ಎಎಂಡಿ ಲ್ಯಾಪ್‌ಟಾಪ್‌ನಲ್ಲಿ ಅದು ಕೆಲಸ ಮಾಡದು. 22 ಮಿ.ಮೀ. ಅಗಲ, 30 ಮಿ.ಮೀ. ಉದ್ದದ ಎಂ.2 ಕಾರ್ಡು ಎಂದು ಖಚಿತಪಡಿಸಿಕೊಳ್ಳಿ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯೋಸ್ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಒಪ್ಪುವುದಿಲ್ಲ, ಅದನ್ನೂ ವಿಚಾರಿಸಿ. ಬಿಚ್ಚಿದ ತಕ್ಷಣ ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಆಂಟೆನಾದ ಎರಡು ಸಣ್ಣ ವೈರುಗಳ ತುದಿಯನ್ನು ಓರೆಯಾಗಿ ಎಳೆಯದೆ ನೇರ ಮೇಲಕ್ಕೆ ಎತ್ತಿ. ಹಾಕುವಾಗ ಹೆಬ್ಬೆರಳಿನ ಉಗುರಿನಿಂದ ನೇರ ಕೆಳಗೆ ಒತ್ತಿದರೆ ಸಣ್ಣಗೆ ಟಕ್ ಅನ್ನಬೇಕು. ಅದು ಸರಿಯಾಗಿ ಕೂರದಿದ್ದರೆ ರೌಟರ್ ಪಕ್ಕದಲ್ಲಿ ಕುಳಿತಾಗ ಮಾತ್ರ ವೈಫೈ ಕಾಣುತ್ತದೆ, ಎದ್ದು ಪಕ್ಕದ ಕೋಣೆಗೆ ಹೋದರೆ ಇಲ್ಲ.