ವಿಷವನ್ನು ಬಳ್ಳಿಯೇ ಹೊತ್ತೊಯ್ಯಬೇಕು

ಕಳೆನಾಶಕ ಹೊಡೆದ ಮಾರನೆಯ ದಿನವೇ ಎಲೆಗಳು ಕರಕಲಾದರೆ ಹಿಗ್ಗುವವರೇ ಹೆಚ್ಚು. ನನಗೆ ಅನುಮಾನ ಶುರುವಾಗುವುದೇ ಆಗ. ಮರಕ್ಕೆ ಅಡರಿದ ಹಂಬಿನ ವಿಷಯದಲ್ಲಿ ಎಲೆ ಎಷ್ಟು ಬೇಗ ಸಾಯುತ್ತದೋ ಬೇರು ಉಳಿಯುವ ಸಂಭವ ಅಷ್ಟು ಜಾಸ್ತಿ.

ಎಲೆಯಲ್ಲಿ ತಯಾರಾದ ಸಕ್ಕರೆ ಫ್ಲೋಯೆಂ ಎಂಬ ಜೀವಂತ ಕೊಳವೆಗಳಲ್ಲಿ ಇಳಿದು ಬೇರಿನ ಉಗ್ರಾಣ ಸೇರುತ್ತದೆ. ಗ್ಲೈಫೋಸೇಟ್ ಎಂಬ ಕಳೆನಾಶಕ ಹತ್ತುವುದೂ ಅದೇ ಬಂಡಿಯನ್ನು. ಡೋಸು ಮಿತಿಮೀರಿ ಎಲೆಯೇ ಬೆಂದುಹೋಯಿತೋ, ಎತ್ತು ಸತ್ತ ಬಂಡಿ ದಾರಿಯಲ್ಲೇ ನಿಂತಂತೆ. ಅಂಚೆಯವನನ್ನು ಹೊಸ್ತಿಲಲ್ಲೇ ಕೆಡವಿದರೆ ಕಾಗದ ಒಳಮನೆಗೆ ಮುಟ್ಟೀತೆ? ಹೊಸ ಚಿಗುರಿನ ಕಾಲದಲ್ಲಿ ಉಗ್ರಾಣದ ಸರಕು ಮೇಲಕ್ಕೆ ಏರುತ್ತಿರುತ್ತದೆ, ಆಗ ಸಿಂಪಡಿಸುವುದು ಪ್ರವಾಹಕ್ಕೆ ಎದುರಾಗಿ ದೋಣಿ ತಳ್ಳಿದ ಹಾಗೆ. ಎಲೆ ಬಲಿತು, ಹೂ ಬಿಟ್ಟು, ಬಳ್ಳಿ ಮುಂದಿನ ವರ್ಷಕ್ಕೆಂದು ಕೂಡಿಡತೊಡಗಿದಾಗ ವಿಷವೂ ತಾನಾಗಿ ಕೆಳಗಿಳಿಯುತ್ತದೆ. ಉಪ್ಪು, ವಿನಿಗರ್ ಸುರಿಯುವ 'ನೈಸರ್ಗಿಕ' ವೈದ್ಯಕ್ಕೆ ಈ ಇಳಿಜಾರಿನ ಗೊಡವೆಯೇ ಇಲ್ಲ. ವಿನಿಗರ್ ಎಲೆ ಸುಡುತ್ತದೆ, ಉಪ್ಪು ಮಣ್ಣು ಕೆಡಿಸುತ್ತದೆ, ಬೇರು ಮತ್ತೆ ಚಿಗುರುತ್ತದೆ.

ಕುಡ್ಜು ಕಥೆ ಕೇಳಿ. 1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೆ ಜಪಾನಿನಿಂದ ಅಲಂಕಾರದ ಗಿಡವಾಗಿ ಬಂದ ಬಳ್ಳಿ ಅದು. 1930ರ ದಶಕದಲ್ಲಿ ಮಣ್ಣಿನ ಸವಕಳಿ ತಡೆಯಲೆಂದು ಅಮೆರಿಕ ಸರ್ಕಾರವೇ ಸಸಿ ಹಂಚಿತು, ನೆಟ್ಟವರಿಗೆ ಎಕರೆಗೆ 8 ಡಾಲರ್‌ವರೆಗೆ ಕೊಟ್ಟಿತು. ಬೆರಳು ತೋರಿಸಿದರೆ ಹಸ್ತ ನುಂಗುವ ಗಿರಾಕಿ ಎಂದು ತಡವಾಗಿ ಗೊತ್ತಾಯಿತು: ಬೇಸಿಗೆಯಲ್ಲಿ ದಿನಕ್ಕೆ 30 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಕಾಂಡಕ್ಕೆ ದುಡಿಮೆ ಸುರಿಯಬೇಕಿಲ್ಲ, ನೆಟ್ಟಗೆ ನಿಲ್ಲುವ ಖರ್ಚನ್ನೆಲ್ಲ ಮರ ಭರಿಸುತ್ತದೆ. ಉಳಿತಾಯ ಗೆಡ್ಡೆಗೆ.

ಹಂಬು ಮರದ ತುದಿ ಮುಟ್ಟಿದ ಮೇಲೆ ಸಿಂಪಡಿಸಿದರೆ ಆಸರೆ ಕೊಟ್ಟ ಮರಕ್ಕೂ ಪಾಲು ಸಿಗುತ್ತದೆ. ಅದಕ್ಕೇ ಕತ್ತರಿಸಿ ಹಚ್ಚುವ ವಿಧಾನ. ಬುಡದ ಬಳಿ ಕತ್ತರಿಸಿ, ಐದು ನಿಮಿಷದೊಳಗೆ, ಬ್ರಷ್ಷಿನಿಂದ, ಬುಡದ ಕಡೆಯ ಗಾಯಕ್ಕೆ ಮಾತ್ರ ಹಚ್ಚುವುದು. ತಡವಾದರೆ ಗಾಯ ಮುಚ್ಚಿಕೊಳ್ಳತೊಡಗುತ್ತದೆ. ದಪ್ಪ ಕಾಂಡವಾದರೆ ನಡುಭಾಗಕ್ಕೆ ಬಳಿಯುವುದು ದಂಡ, ಸಾಗಣೆ ನಡೆಯುವುದು ತೊಗಟೆಗೆ ಅಂಟಿದ ಉಂಗುರದಲ್ಲಿ. ಮೇಲಿನ ಬಳ್ಳಿಯನ್ನು ಎಳೆಯಬೇಡಿ, ಕೊಂಬೆ ಮುರಿದೀತು. ಅದು ಅಲ್ಲೇ ಒಣಗಲಿ.

ಬೇರು ಸೇರಿದ ಗ್ಲೈಫೋಸೇಟ್ ಮಾಡುವುದು ಒಂದೇ ಕೆಲಸ: ಗಿಡ ಅಮೈನೋ ಆಮ್ಲ ತಯಾರಿಸುವ ಶಿಕಿಮೇಟ್ ಎಂಬ ಮಾರ್ಗದ ಒಂದು ಕಿಣ್ವವನ್ನು ಕಟ್ಟಿಹಾಕುವುದು. ಮೂರು ಅಮೈನೋ ಆಮ್ಲಗಳ ತಯಾರಿ ನಿಂತು ಗಿಡ ವಾರಗಟ್ಟಲೆ ಸೊರಗುತ್ತದೆ. ಮಾರ್ಗದ ಹೆಸರಿಗೆ ಮೂಲವಾದ ಶಿಕಿಮಿ ಜಪಾನಿನ ಒಂದು ಮರ, 1885ರಲ್ಲಿ ಶಿಕಿಮಿಕ್ ಆಮ್ಲ ಸಿಕ್ಕಿದ್ದು ಅದರಿಂದಲೇ. ಕುಡ್ಜುವಿನ ಊರಿನದೇ ಹೆಸರು! ಪ್ರಾಣಿಗಳಲ್ಲಿ ಈ ಮಾರ್ಗವಿಲ್ಲ. ಹಾಗೆಂದು ಕೈಗವಸಿಲ್ಲದೆ ಮುಟ್ಟುವ ವಸ್ತುವಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಇದನ್ನು ಕ್ಯಾನ್ಸರ್‌ಕಾರಕವಾಗಿರುವ ಸಂಭವವುಳ್ಳ ಗುಂಪಿಗೆ ಸೇರಿಸಿದೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಪ್ಪಿಲ್ಲ. ಜಗಳ ಹೇಗೇ ಮುಗಿಯಲಿ, ಬ್ರಷ್ಷಿನ ನಾಲ್ಕು ಹನಿಗೂ ಟ್ಯಾಂಕಿನ ಮಂಜಿಗೂ ಅಜಗಜಾಂತರ.

ಟ್ರೈಕ್ಲೋಪಿರ್ ಎಂಬ ಇನ್ನೊಂದು ಕಳೆನಾಶಕದ ದಾರಿ ಬೇರೆ. ಅದು ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನಿನ ವೇಷ ಹಾಕುತ್ತದೆ, ಗಿಡ ಅಡ್ಡಾದಿಡ್ಡಿ ಬೆಳೆದು ಸಾಯುತ್ತದೆ. ಹುಲ್ಲಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಎರಡರಲ್ಲಿ ಯಾವುದನ್ನು ಹಚ್ಚಿದರೂ ಮುಂದಿನ ವರ್ಷ ಬುಡದಲ್ಲಿ ಒಂದೆರಡು ಕುಡಿ ಏಳಬಹುದು. ಕಂಡ ತಕ್ಷಣ ಹೊಡೆಯಬೇಡಿ. ಎಲೆ ಬಲಿಯಲಿ.